ಪಹಣಿಯಲ್ಲಿ ಇಲ್ಲದ ರೈತರು



ಸರ್ಕಾರ ರೈತರಿಗೆಂದು ಕೊಡುವ ಹಣ ನಮ್ಮ ರಾಯಚೂರು ಜಿಲ್ಲೆಯಲ್ಲಿ ಯಾರ ಕೈ ಸೇರುತ್ತದೆ? ಪಹಣಿಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವರ ಕೈ. ಅವರು ಈ ವರ್ಷ ಹೊಲಕ್ಕೆ ಕಾಲಿಟ್ಟರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

2019ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತದೆ. ಮೊದಲು ಎರಡು ಹೆಕ್ಟೇರ್ ಮಿತಿ ಇತ್ತು, ಅದೇ ವರ್ಷ ಅದನ್ನು ತೆಗೆದರು. ಆದಾಯ ತೆರಿಗೆ ಕಟ್ಟುವವರನ್ನು ಹೊರಗಿಟ್ಟಿದ್ದಾರೆ, ಸರಿ. ಆದರೆ ಲಾವಣಿ ಮಾಡುವವರೂ, ಅಂದರೆ ಬೇರೆಯವರ ಹೊಲವನ್ನು ಗೇಣಿಗೆ ಪಡೆದು ಬೆಳೆಯುವವರೂ, ಹೊರಗೇ. ಅವರ ಹೆಸರಿನಲ್ಲಿ ಭೂಮಿ ಇಲ್ಲವಲ್ಲ!

ಆರು ಸಾವಿರ ಹೋದರೆ ಹೋಗಲಿ ಎನ್ನಬಹುದು. ಬೆಳೆ ಪರಿಹಾರದಲ್ಲಿ ಹಾಗೆನ್ನಲಾಗದು. ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಷ್ಟೋ ಎಕರೆ ಭತ್ತ ಲಾವಣಿ ರೈತರದೇ. ಬೀಜ, ಗೊಬ್ಬರ, ನಾಟಿ ಕೂಲಿ, ಮೇಲೆ ಸಾಲದ ಬಡ್ಡಿ, ಎಲ್ಲವೂ ಅವರ ತಲೆಯ ಮೇಲೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಆಗ ಪರಿಹಾರದ ಹಣ ಸರ್ಕಾರದ ರೈತ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಹೆಸರಿದ್ದ ಭೂಮಾಲೀಕರ ಖಾತೆಗೆ ಹೋಯಿತು. ಬೆಳೆ ಕಳೆದುಕೊಂಡವರು ಬೇರೆ, ಪರಿಹಾರ ಪಡೆದವರು ಬೇರೆ.

ಇದಕ್ಕೆ ಮೂಲ ಎಲ್ಲಿದೆ ನೋಡಿ. ದೇವರಾಜ ಅರಸರ ಕಾಲದ ಭೂ ಸುಧಾರಣೆ 1974ರ ಮಾರ್ಚ್ 1ರಿಂದ ಗೇಣಿಯನ್ನೇ ನಿಷೇಧಿಸಿತು. ಸೈನಿಕರು, ನಾವಿಕರಿಗಷ್ಟೇ ವಿನಾಯಿತಿ. ಆ ಕಾಯ್ದೆಯಿಂದ ಲಕ್ಷಾಂತರ ಗೇಣಿದಾರರು ಒಡೆಯರಾದರು, ಆ ಋಣ ದೊಡ್ಡದು. ಆದರೆ ಹೊಸ ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮರೆಯಾಯಿತು ಅಷ್ಟೆ. ಬರೆದುಕೊಟ್ಟರೆ ಭೂಮಿ ಕೈಬಿಟ್ಟೀತು ಎಂಬ ಅಂಜಿಕೆ ಇವತ್ತಿಗೂ ಮಾಲೀಕರಿಗಿದೆ. ಹಾಗಾಗಿ ಎಲ್ಲವೂ ಬಾಯಿಮಾತಿನಲ್ಲೇ. ಕಾಗದವಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲವಿಲ್ಲ, ವಿಮೆಯೂ ಕಷ್ಟ.

ಹೆಣ್ಣುಮಕ್ಕಳ ಕಥೆಯೂ ಇಲ್ಲೇ ಸೇರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು, ದೇಶ ಮಾಡಿದ್ದು 2005ರಲ್ಲಿ. ಆದರೂ ಕಳೆ ತೆಗೆಯುವ, ಹತ್ತಿ ಬಿಡಿಸುವ ಕೈಗಳ ಹೆಸರು ಪಹಣಿಯಲ್ಲಿ ಅಪರೂಪ. ಗಂಡ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿ ಪಹಣಿಯಲ್ಲಿ ಹೆಸರು ಬದಲಾಗುವ ತನಕ ಹೆಂಡತಿಗೆ ಯಾವ ಕಂತೂ ಬರುವುದಿಲ್ಲ. ಅಣ್ಣತಮ್ಮಂದಿರ ತಕರಾರಿದ್ದರಂತೂ ವರ್ಷಗಟ್ಟಲೆ ಅಲೆದಾಟ.

ದಾರಿಯೇ ಇಲ್ಲವೆಂದಲ್ಲ. ಒಡಿಶಾದ ಕಾಲಿಯಾ ಯೋಜನೆ ಪಾಲು ರೈತರನ್ನೂ ಭೂಮಿಯಿಲ್ಲದ ಕುಟುಂಬಗಳನ್ನೂ ಒಳಗೆ ತಂದಿತು. ಆಂಧ್ರಪ್ರದೇಶ 2019ರ ಕಾಯ್ದೆಯಲ್ಲಿ ಸಾಗುವಳಿದಾರನಿಗೆ ಹನ್ನೊಂದು ತಿಂಗಳ ಕಾರ್ಡು ಕೊಟ್ಟಿತು. ಅದರಿಂದ ಮಾಲೀಕನ ಹಕ್ಕಿಗೆ ಧಕ್ಕೆಯಿಲ್ಲ. ಆದರೆ ಮಾಲೀಕರ ಸಹಿ ಬೇಕೆಂದದ್ದರಿಂದ ಅಲ್ಲಿ ಕಾರ್ಡು ಸಿಗದೆ ಉಳಿದವರು ಬಹಳ. ನಾವು ಕಾಯ್ದೆ ಮಾಡುವುದಾದರೆ ಸಹಿಯ ಬದಲು ಗ್ರಾಮಸಭೆಯ ಸಾಕ್ಷಿ ಸಾಕೆಂದು ಬರೆಯಬೇಕು.

ಕಾಯ್ದೆ ಬರುವ ತನಕ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಹೊಲವನ್ನು ಲಾವಣಿಗೆ ಕೊಟ್ಟವರು ಈ ಸಭೆಯಲ್ಲೂ ಇದ್ದೀರಿ. ಮುಂದಿನ ಸಲ ಬೆಳೆ ಪರಿಹಾರ ನಿಮ್ಮ ಖಾತೆಗೆ ಬಂದಾಗ, ದಯವಿಟ್ಟು ಅದನ್ನು ಬಿತ್ತಿದವನಿಗೆ ಮುಟ್ಟಿಸಿ.