ರಸ್ತೆ ಬದಿಯ ಫಲಕಗಳು ಹೇಳುವ ಚರಿತ್ರೆ

(ಕಾರ್ಮಿಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)

ಚರಿತ್ರೆ ಎಂದೊಡನೆ ರಾಜರ ಪಟ್ಟಿ ನೆನಪಿಗೆ ಬರುತ್ತದೆ. ಯಾರು ಯಾವ ಇಸವಿಯಲ್ಲಿ ಪಟ್ಟಕ್ಕೆ ಬಂದ, ಯಾರು ಕೆರೆ ಕಟ್ಟಿಸಿದ ಎಂಬುದನ್ನು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಕೆರೆಯ ಮಣ್ಣು ಹೊತ್ತವರು ಯಾರೆಂದು ಯಾವ ಮಾಸ್ತರರೂ ಕೇಳುವುದಿಲ್ಲ. ಆದರೆ ದುಡಿದವರ ಚರಿತ್ರೆಯನ್ನೂ ಬೀದಿಯಲ್ಲಿ ನಿಲ್ಲಿಸಬಹುದು. ಅದಕ್ಕೊಂದು ಉದಾಹರಣೆ ಹೇಳುತ್ತೇನೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲುಝರ್ನ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಸಸ್ಕ್ವೆಹಾನಾ ನದಿ ಹರಿಯುವ ಆ ಸೀಮೆಯ ನೆಲದಡಿ ಗಟ್ಟಿ ಕಲ್ಲಿದ್ದಲು ತುಂಬಿತ್ತು. ನಮ್ಮ ಕಡೆ ಊರ ಹೊರಗೆ ವೀರಗಲ್ಲು ನಿಂತಿರುವಂತೆ ಅಲ್ಲಿ ರಸ್ತೆಯ ಬದಿಗೆ ಕಂಬದ ಮೇಲೆ ನೀಲಿ ಫಲಕಗಳು ನಿಂತಿವೆ. ಹಳದಿ ಅಕ್ಷರದಲ್ಲಿ ನಾಲ್ಕಾರು ಸಾಲು. 1946ರಿಂದ ಈಚೆಗೆ ಆ ರಾಜ್ಯದಲ್ಲಿ ಇಂಥ 2,000ಕ್ಕೂ ಹೆಚ್ಚು ಫಲಕಗಳನ್ನು ನಿಲ್ಲಿಸಿದ್ದಾರೆ.

ಮೊದಲು ಕಾಣುವುದು ದಂಡಿನ ಸುದ್ದಿ. 1779ರಲ್ಲಿ ಜನರಲ್ ಸಲ್ಲಿವನ್ ಈ ದಾರಿಯಾಗಿ ದಂಡು ನಡೆಸಿದ. ಆ ದಂಡು ಮುಂದೆ ಇರಾಕ್ವಾ ಮೂಲನಿವಾಸಿಗಳ 40 ಊರುಗಳನ್ನು ಸುಟ್ಟಿತು. ಆಮೇಲೆ ಕಲ್ಲಿದ್ದಲಿನ ಸುದ್ದಿ. 1808ರ ಫೆಬ್ರವರಿ 11ರಂದು ವಿಲ್ಕ್ಸ್-ಬ್ಯಾರಿ ಊರಿನ ಜೆಸ್ಸಿ ಫೆಲ್ ತನ್ನ ಹೋಟೆಲಿನ ಒಲೆಯಲ್ಲಿ, ತಿದಿ ಊದದೆ, ಬರಿಯ ಕಬ್ಬಿಣದ ಸರಳುಗಳ ಮೇಲೆ ಗಟ್ಟಿ ಕಲ್ಲಿದ್ದಲನ್ನು ಉರಿಸಿ ತೋರಿಸಿದ. ಆ ಒಲೆಯಿಂದ ಹುಟ್ಟಿದ ಐಶ್ವರ್ಯ ಯಾರದು, ಅದಕ್ಕೆ ಬೆಲೆ ತೆತ್ತವರು ಯಾರು? ಉತ್ತರ ಬೇಕಾದರೆ ಇನ್ನು ಮೂರು ಫಲಕಗಳ ಬಳಿಗೆ ಹೋಗಬೇಕು.

ಒಂದನೆಯದು ಅವಾನ್‌ಡೇಲ್. 1869ರ ಸೆಪ್ಟೆಂಬರ್ 6ರಂದು ಗಣಿಯ ಬಾವಿಗೆ ಬೆಂಕಿ ಬಿತ್ತು. ಒಳಗೆ ಹೋಗಲು, ಹೊರಗೆ ಬರಲು, ಗಾಳಿಯಾಡಲು ಇದ್ದುದು ಅದೊಂದೇ ಬಾವಿ. ಅದರ ಬಾಯಿಯ ಮೇಲೆಯೇ ಮಾಲಿಕರು ಮರದ ಕಟ್ಟಡ ಎಬ್ಬಿಸಿದ್ದರು. ರಕ್ಷಿಸಲು ಇಳಿದ ಇಬ್ಬರೂ ಸೇರಿ 110 ಮಂದಿ ಸತ್ತರು. ಅದೇ ವರ್ಷ ಗಣಿಗಳ ಸುರಕ್ಷತೆಗೆ ಕಾನೂನು ಆಗಿತ್ತು. ಆದರೆ ಪಕ್ಕದ ಸ್ಕೂಲ್‌ಕಿಲ್ ಕೌಂಟಿಗೆ ಮಾತ್ರ! ಗಣಿಗೆ ಎರಡು ದಾರಿ ಇರಬೇಕು, ಸರಕಾರದ ತಪಾಸಣೆ ಬೇಕು ಎಂಬ ಕಾಯಿದೆ ಇಲ್ಲಿಗೆ ಬಂದುದು 1870ರಲ್ಲಿ, 110 ಹೆಣ ಬಿದ್ದ ಮೇಲೆ.

ಎರಡನೆಯದು ಲ್ಯಾಟಿಮರ್. 1897ರಲ್ಲಿ ಪೋಲೆಂಡ್, ಸ್ಲೋವಾಕಿಯಾ, ಲಿಥುವೇನಿಯಾ ಕಡೆಯಿಂದ ಬಂದ ಗಣಿ ಕೂಲಿಗಳು ಮುಷ್ಕರ ಹೂಡಿದರು. ಪರದೇಶದ ಕೂಲಿಗೆ ದಿನಕ್ಕೆ 3 ಸೆಂಟಿನ ತೆರಿಗೆ. ಸಾಮಾನು ಕೊಳ್ಳುವುದು ಕಂಪೆನಿಯ ಅಂಗಡಿಯಲ್ಲೇ ಎಂಬ ಕಟ್ಟು. ಇಲ್ಲಿ ಕುಳಿತಿರುವ ಅಂಗಡಿಕಾರ ಮಿತ್ರರು ಇದನ್ನು ಗಮನಿಸಬೇಕು. ಕೂಲಿಯವನ ಸಂಬಳ ಧಣಿಯ ಕೈಯಿಂದ ಹೊರಟು ಧಣಿಯ ಗಲ್ಲಾಪೆಟ್ಟಿಗೆಗೇ ಮರಳಿದರೆ ಪೇಟೆಯ ಸಣ್ಣ ವ್ಯಾಪಾರಿಗೆ ಉಳಿಯುವುದೇನು? ಸೆಪ್ಟೆಂಬರ್ 10ರಂದು ಕಾರ್ಮಿಕರು ಅಮೆರಿಕದ ಬಾವುಟವನ್ನೇ ಹಿಡಿದು, ಆಯುಧವಿಲ್ಲದೆ, ಮೆರವಣಿಗೆ ಹೊರಟರು. ಷರೀಫ ಜೇಮ್ಸ್ ಮಾರ್ಟಿನ್‌ನ ಪಡೆ ಗುಂಡು ಹಾರಿಸಿತು. 19 ಮಂದಿ ಸತ್ತರು; ಅನೇಕರಿಗೆ ಗುಂಡು ತಗುಲಿದ್ದು ಬೆನ್ನಿಗೆ. 1898ರಲ್ಲಿ ಷರೀಫನೂ ಅವನ ಪಡೆಯವರೂ ನಿರ್ದೋಷಿಗಳೆಂದು ತೀರ್ಪಾಯಿತು. ಕಾರ್ಮಿಕರು ಮಾತ್ರ ಹೆದರಿ ಚದುರಲಿಲ್ಲ. ಸಾವಿರಗಟ್ಟಲೆ ಸಂಘಕ್ಕೆ ಸೇರಿದರು. ಐದು ವರ್ಷಗಳ ಮೇಲೆ, 1902ರಲ್ಲಿ, ಗಣಿಗಾರರೆಲ್ಲ ಒಂದಾಗಿ ಐದು ತಿಂಗಳು ಮುಷ್ಕರ ನಡೆಸಿದರು. ಅದರ ಫಲವಾಗಿ ಕೂಲಿ ನೂರಕ್ಕೆ ಹತ್ತರಷ್ಟು ಏರಿತು.

ಮೂರನೆಯದು ಪೋರ್ಟ್ ಗ್ರಿಫಿತ್. 1959ರ ಜನವರಿ 22ರಂದು ಸಸ್ಕ್ವೆಹಾನಾ ನದಿಯೇ ಗಣಿಯೊಳಕ್ಕೆ ನುಗ್ಗಿತು. ಹೆಚ್ಚು ಕಲ್ಲಿದ್ದಲಿನ ಆಸೆಗೆ ನಾಕ್ಸ್ ಕಂಪೆನಿ ಕಾನೂನು ಮೀರಿ ನದಿಯ ತಳದಲ್ಲೇ ಅಗೆಸಿತ್ತು. 12 ಮಂದಿ ಸತ್ತರು. ಅವರ ದೇಹಗಳೂ ಸಿಗಲಿಲ್ಲ. ನದಿಯ ಸುಳಿಯನ್ನು ಮುಚ್ಚಲು ರೈಲಿನ ಡಬ್ಬಿಗಳನ್ನೇ ಅದರೊಳಕ್ಕೆ ನೂಕಬೇಕಾಯಿತು. ಇದಕ್ಕಿಂತ ಕಹಿಯಾದ ಮಾತೊಂದಿದೆ. ಗಣಿಗಾರರ ಸಂಘದ ಜಿಲ್ಲಾ ಅಧ್ಯಕ್ಷ ಆಗಸ್ಟ್ ಲಿಪ್ಪಿಯೇ ಆ ಕಂಪೆನಿಯಲ್ಲಿ ಗುಟ್ಟಿನ ಪಾಲುದಾರನಾಗಿದ್ದ! ಧಣಿಯ ಲೆಕ್ಕವನ್ನು ಕೇಳುವ ಸಂಘ ತನ್ನ ಮುಖಂಡರ ಲೆಕ್ಕವನ್ನೂ ಕೇಳಬೇಕು. ಕೇಳದಿದ್ದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ.

ಮಿತ್ರರೆ, ಈ ಫಲಕಗಳು ತಾವಾಗಿ ಎದ್ದು ನಿಂತವಲ್ಲ. ಲ್ಯಾಟಿಮರ್‌ನಲ್ಲಿ ಕಾರ್ಮಿಕ ಸಂಘಗಳೂ ಊರವರೂ ಸೇರಿ ಸ್ಮಾರಕದ ಬಂಡೆ ನಿಲ್ಲಿಸಿದ್ದು 1972ರಲ್ಲಿ. ಗುಂಡು ಹಾರಿ 75 ವರ್ಷ ಕಳೆದಿತ್ತು. ಅಷ್ಟು ಕಾಲ ಆ ನೆನಪು ಬದುಕಿದ್ದು ಸತ್ತವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಸರಕಾರದ ಫಲಕ ಬೇಕೆಂದರೂ ಯಾರಾದರೂ ಆಧಾರ ಹೊಂದಿಸಿ ಅರ್ಜಿ ಹಾಕಬೇಕು. ಆಧಾರ ಎಂದರೇನು? ಹೆಸರು, ತಾರೀಖು, ಸ್ಥಳ, ಹಳೆಯ ಪತ್ರಿಕೆ, ಕಂಡವರ ಮಾತು.

ಆದ್ದರಿಂದ ನನ್ನ ವಿನಂತಿ ಒಂದೇ. ಪ್ರತಿ ಸಂಘವೂ ಒಂದು ಪುಸ್ತಕ ಇಡಲಿ. ಯಂತ್ರಕ್ಕೆ ಕೈ ಕೊಟ್ಟವನ ಹೆಸರು, ಮುಷ್ಕರದ ತಾರೀಖು, ಕೊಟ್ಟ ಪರಿಹಾರ, ಕೊಡದೆ ಉಳಿದ ಪರಿಹಾರ, ಎಲ್ಲವನ್ನೂ ಅಂದಂದೇ ಬರೆಯಿರಿ. ಬರೆಯಲು ಬಾರದವರು ಹೇಳಲಿ, ಬಲ್ಲವರು ಬರೆದುಕೊಳ್ಳಲಿ. ನಮ್ಮ ಚರಿತ್ರೆಯನ್ನು ನಾವು ಬರೆದಿಡದಿದ್ದರೆ ಧಣಿಯ ಗುಮಾಸ್ತ ಬರೆದಿಡುತ್ತಾನೆ. ಅವನ ಪುಸ್ತಕದಲ್ಲಿ ನಾವಿರುವುದು ಖರ್ಚಿನ ಕಲಮಿನಲ್ಲಿ.