ಇದು ಯಾವ ದೇವರ ಗುಡಿ?



ನಾನು ಗಂಗಾವತಿ ಕಡೆಯ ಒಂದು ಹಳ್ಳಿ ಶಾಲೆಯ ಮಾಸ್ತರ. ಸಂಜೆ ಸಾಕ್ಷರತಾ ಕೇಂದ್ರದಲ್ಲಿ ಕಲಿಸುತ್ತೇನೆ. ಒಂದು ದಿನ ಗೋಡೆಗೆ ದೊಡ್ಡದೊಂದು ಚಿತ್ರ ಹಾಕಿದ್ದೆ. ಭತ್ತದ ಗದ್ದೆಯ ಕೆಲಸ ಮುಗಿಸಿ ಬಂದಿದ್ದ ಒಬ್ಬ ಅಮ್ಮ ಅದನ್ನು ನೋಡಿ ಕೈ ಮುಗಿದರು. "ಇದು ಯಾವ ದೇವರ ಗುಡಿ ರೀ ಮಾಸ್ತರ?" ಎಂದು ಕೇಳಿದರು.

ಕೆಲವರು ನಕ್ಕರು. ನಾನು ನಗಲಿಲ್ಲ. ನಮ್ಮ ನಾಡಿನ ಗುಡಿಗಳ ಕಂಬ, ಗೋಪುರ ನೋಡಿಯೇ ಆ ಕಟ್ಟಡ ಕಟ್ಟಿದ್ದಾರೆ. ಅದು ಬೆಂಗಳೂರಿನ ವಿಧಾನಸೌಧ.

ಮೊದಲು ಮೈಸೂರು ರಾಜ್ಯದ ಶಾಸಕರು ಅಠಾರಾ ಕಚೇರಿ ಎಂಬ ಕೆಂಪು ಕಟ್ಟಡದಲ್ಲಿ ಸೇರುತ್ತಿದ್ದರು. ಅದು ಬ್ರಿಟಿಷರ ಕಾಲದ್ದು. ದೇಶಕ್ಕೆ ಸ್ವಾತಂತ್ರ್ಯ ಬಂತು. ಜನರ ಆಳ್ವಿಕೆಗೆ ಹೊಸ ಮನೆ ಬೇಕಾಯಿತು. 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಮುಂದೆ ನಿಂತು ಕಟ್ಟಿಸಿದರು. ಎಂಜಿನಿಯರ್ ಬಿ.ಆರ್. ಮಾಣಿಕಂ ಅವರು ಕೆಲಸ ನಡೆಸಿದರು. 1956ರಲ್ಲಿ ಕಟ್ಟಡ ಮುಗಿಯಿತು.

ಅದು ಎಷ್ಟು ದೊಡ್ಡದು ಗೊತ್ತೇನ್ರಿ? ಉದ್ದ ಸುಮಾರು 700 ಅಡಿ, ಅಗಲ 350 ಅಡಿ. ಎಲ್ಲಾ ಗಟ್ಟಿ ಬಿಳಿಗಲ್ಲು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿ ಕಲ್ಲು ಹಾಕಿದ್ದಾರೆ. ಮುಂದುಗಡೆ 12 ಕಂಬಗಳಿವೆ. ಒಂದೊಂದು 40 ಅಡಿ ಎತ್ತರ. ಒಳಗೆ ಹೋಗಲು 45 ಮೆಟ್ಟಿಲು. ಮೇಲೆ ದೊಡ್ಡ ಗುಮ್ಮಟ. ಅದರ ನೆತ್ತಿಯ ಮೇಲೆ ಸಿಂಹಗಳ ರಾಷ್ಟ್ರಲಾಂಛನ.

ಇಷ್ಟೆಲ್ಲ ಕಟ್ಟಿದ ಕೈ ಯಾರವು? ಸುಮಾರು 5000 ಮಂದಿ ಕೂಲಿಕಾರರು ದುಡಿದರು. ಅವರಲ್ಲಿ ಅನೇಕರು ಜೈಲಿನ ಕೈದಿಗಳು. ಸುಮಾರು 1500 ಮಂದಿ ಕಲ್ಲುಕುಟಿಗರು, ಗಾರೆಯವರು, ಬಡಗಿಗಳು ಇದ್ದರು. ಅವರ ಹೆಸರು ನಮಗೆ ಗೊತ್ತಿಲ್ಲ. ಅವರ ಉಳಿಯ ಗುರುತು ಮಾತ್ರ ಕಲ್ಲಿನ ಮೇಲೆ ಉಳಿದಿದೆ. ಕಟ್ಟಿಸಿದ ಹನುಮಂತಯ್ಯನವರೂ 1956ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟರು. ಕುರ್ಚಿಯ ಮೇಲೆ ಕೂಡುವವರು ಬರುತ್ತಾರೆ, ಹೋಗುತ್ತಾರೆ. ಮನೆ ಜನರದ್ದು.

ಆ ಜನರಲ್ಲಿ ನಾವೂ ಇದ್ದೆವೇನು? ಅಡಿಗಲ್ಲು ಹಾಕಿದಾಗ ಇರಲಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. 1948ರ ಸೆಪ್ಟೆಂಬರ್‌ವರೆಗೆ ನಮ್ಮನ್ನು ಆಳಿದವನು ನಿಜಾಮ. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದವು. ಆ ದಿನದಿಂದ ವಿಧಾನಸೌಧ ನಮ್ಮದೂ ಆಯಿತು.

ಈಗ ವಿಧಾನಸಭೆಗೆ ರಾಜ್ಯದಿಂದ 224 ಶಾಸಕರನ್ನು ಆರಿಸುತ್ತೇವೆ. ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಹೀಗೆ ನಮ್ಮ ಜಿಲ್ಲೆಯಿಂದ 5 ಮಂದಿ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವೂ ಆಯಿತು. ಅಲ್ಲಿಯೂ ಅಧಿವೇಶನ ಸೇರುತ್ತದೆ. ಯಾವ ಊರಿಗೆ ರಸ್ತೆ, ಯಾವ ಶಾಲೆಗೆ ಕೋಣೆ, ವೃದ್ಧಾಪ್ಯ ವೇತನಕ್ಕೆ ಎಷ್ಟು ಹಣ, ಇಂಥ ಖರ್ಚಿಗೆಲ್ಲ ವಿಧಾನಸಭೆಯ ಒಪ್ಪಿಗೆ ಬೇಕು.

ಇಷ್ಟು ಹೇಳಿ ನಾನು ಚಿತ್ರದ ಮೇಲೆ ಬೆರಳಿಟ್ಟೆ. ಬಾಗಿಲ ಮೇಲ್ಗಡೆ ಅಕ್ಷರಗಳಿದ್ದವು. ಆ ಅಮ್ಮ ಎದ್ದು ಬಂದು ಒಂದೊಂದೇ ಅಕ್ಷರ ಕೂಡಿಸಿದರು.

"ಸ-ರ್ಕಾ-ರ-ದ ಕೆ-ಲ-ಸ... ದೇ-ವ-ರ ಕೆ-ಲ-ಸ."

ಎಲ್ಲರೂ ಚಪ್ಪಾಳೆ ಹೊಡೆದರು. ಅಮ್ಮ ಮಾತ್ರ ನಗಲಿಲ್ಲ. "ದೇವರ ಕೆಲಸ ಅಂತ ಬರದಾರ. ಮತ್ತ ನನ್ನ ಪಗಾರದ ಅರ್ಜಿ ಯಾಕ ತಿರುಗಿ ಬಂತ್ರಿ?" ಅಂದರು.

ಮರುದಿನ ಅವರು ಒಂದು ಕಾಗದ ತಂದರು. ಎರಡು ವರ್ಷ ಟ್ರಂಕಿನಲ್ಲಿ ಮಡಚಿ ಇಟ್ಟಿದ್ದರು. 'ಆಗೋದಿಲ್ಲ' ಅಂತ ಬರೆದಿದೆ ಎಂದು ಯಾರೋ ಹೇಳಿದ್ದರಂತೆ. ನಾವೆಲ್ಲ ಕೂಡಿ ಓದಿದೆವು. ಅದರಲ್ಲಿ ಇದ್ದದ್ದು ಒಂದೇ ಮಾತು: ವಯಸ್ಸಿನ ದಾಖಲೆ ಲಗತ್ತಿಸಿ ಮತ್ತೆ ಅರ್ಜಿ ಕೊಡಿ.

ಅಮ್ಮ ಬಹಳ ಹೊತ್ತು ಸುಮ್ಮನೆ ಕೂತರು. "ಎರಡು ವರ್ಷ ಹೋತಲ್ರಿ ಮಾಸ್ತರ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಅವರೇ ದಾಖಲೆ ಹೊಂದಿಸಿದರು. ಅರ್ಜಿಗೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದರು. ಅರ್ಜಿ ಕೊಟ್ಟು, ಮುಟ್ಟಿದ್ದಕ್ಕೆ ಚೀಟಿ ಕೇಳಿ ತೆಗೆದುಕೊಂಡರು. ಅಲ್ಲೇ ನಿಂತು ಅದನ್ನು ಓದಿ, ಸೆರಗಿಗೆ ಗಂಟು ಹಾಕಿಕೊಂಡು ಬಂದರು.

ಅಕ್ಕಂದಿರೆ, ಅಣ್ಣಂದಿರೆ, ಗುಡಿಗೆ ಹೋದರೆ ಕೈ ಮುಗಿಯೋಣ. ವಿಧಾನಸೌಧಕ್ಕೆ ನಾವು ಮತ ಕೊಟ್ಟಿದ್ದೇವೆ, ಅದರ ಲೆಕ್ಕ ಕೇಳೋಣ. ನಿಮ್ಮ ಮನೆಯ ಟ್ರಂಕಿನಲ್ಲಿ ಓದದೆ ಇಟ್ಟ ಕಾಗದ ಏನಾದರೂ ಐತೇನ್ರಿ? ನಾಳೆ ಸಂಜೆ ತಗೊಂಡು ಬರ್ರಿ. ಕೂಡಿ ಓದೋಣ.