ಘಾಟಿನಲ್ಲಿ ಗಾಡಿ ನಿಂತಾಗ
(ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಚೌತಿಗೆ ರೈಲಿನ ಟಿಕೀಟು ಸಿಗದಿದ್ದರೆ ನಾವು ಐದಾರು ಮಂದಿ ಕೂಡಿ ಬಾಡಿಗೆ ಕಾರು ಗೊತ್ತುಮಾಡುವುದುಂಟು. 2019ರಲ್ಲಿ ಮುಂಬಯಿಯಿಂದ ಬೆಳಗಾವಿಗೆ ಹಾಗೆ ಹೊರಟಾಗ, ಪುಣೆ ದಾಟಿ ಖಂಬಾಟಕಿ ಘಾಟು ಏರುವಲ್ಲಿ ಇಂಜಿನು ಕಾದು ಹಬೆ ಎದ್ದಿತು. ಡ್ರೈವರನು ಆತುರದಿಂದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ನಮ್ಮೊಡನಿದ್ದ ಬಾಯ್ಲರು ಖಾತೆಯ ಹಿರಿಯರೊಬ್ಬರು, “ಬಿಡಪ್ಪಾ, ಮುಖ ಬೆಂದೀತು!” ಎಂದು ತಡೆದರು.

ಮಿಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದೊಡನೆ ಒಮ್ಮೆಲೇ ಕುದಿದು ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಆರಲು ಬಿಡಬೇಕು. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಲೋಹವೇ ಬಿರಿಯಬಹುದು.

ಆದರೆ ಹಬೆಗಿಂತ ಹಿಂದಿನಿಂದ ಬರುವ ಲಾರಿಯ ಭಯವೇ ದೊಡ್ಡದು. ಬಿಸಿಲೆಂದು ಮಕ್ಕಳನ್ನೂ ಮುದುಕರನ್ನೂ ಕೆಟ್ಟ ಗಾಡಿಯೊಳಗೇ ಕೂರಿಸುವುದು ನಮ್ಮವರ ರೂಢಿ. ಅದು ಖಂಡಿತ ಬೇಡ. ಎಲ್ಲರೂ ಎಡಬದಿಯಿಂದ ಇಳಿದು ರಸ್ತೆ ಬಿಟ್ಟು ದೂರ ನಿಲ್ಲಬೇಕು. ಗಾಡಿಯ ಮುಂದೆಯೂ ನಿಲ್ಲಬಾರದು. ಹಿಂದಿನಿಂದ ಗುದ್ದಿದರೆ ಅದು ಮುಂದಕ್ಕೇ ನುಗ್ಗುತ್ತದೆ. ನಾಲ್ಕೂ ದೀಪಗಳನ್ನು ಮಿಣುಕಿಸಿ, ಕೆಂಪು ತ್ರಿಕೋನವನ್ನು ಸುಮಾರು 50 ಮೀಟರು ಹಿಂದೆ ಇಡಬೇಕು. ತಿರುವಿದ್ದರೆ ತಿರುವಿಗೂ ಹಿಂದೆಯೇ.

ಅಂದು ನಮ್ಮ ಗಾಡಿಯಲ್ಲಿ ತ್ರಿಕೋನವಿರಲಿಲ್ಲ. ಯಾರದೋ ಕೆಂಪು ಟವಲು, ಎರಡು ಕಲ್ಲು, ಅಷ್ಟೇ ಸಿಕ್ಕದ್ದು. ಆದ್ದರಿಂದ ಮುಂಗಡ ಕೊಡುವ ಮೊದಲೇ ತ್ರಿಕೋನ, ಸ್ಟೆಪ್ನಿ, ಒಂದು ಕ್ಯಾನು ನೀರು ಇವೆಯೇ ಎಂದು ಡಿಕ್ಕಿ ತೆಗೆಸಿ ನೋಡಿರಿ. ಡ್ರೈವರನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಹಗಲು ರಾತ್ರಿ ಕರೆಯಬಹುದು. ವಾಚನಾಲಯದ ಕರಿಹಲಗೆಯ ಮೇಲೆ ಬರೆದಿದ್ದೇವೆ. ಊರಿಗೆ ಹೊರಡುವವರು ಗುರುತು ಹಾಕಿಕೊಂಡು ಹೋಗಬಹುದು.